ಸಮುದ್ರದ ಕೆಳಗೆ ಕರಗಿದ ಪಾಲು: ಯೂರೋಟನಲ್‌ನ ಸಣ್ಣ ಷೇರುದಾರರ ಕಥೆ

ಭಾಗ 1

ಫೋಟೋ ನೋಡಿದ್ರಾ? ಕೊರೆದ ಗೋಡೆಯಲ್ಲಿ ಒಂದು ಕಿಂಡಿ. ಆ ಕಡೆ ಒಬ್ಬ, ಈ ಕಡೆ ಒಬ್ಬ, ನಡುವೆ ಕೈಕುಲುಕು. 1990ರ ಡಿಸೆಂಬರ್ 1. ಒಬ್ಬ ಬ್ರಿಟಿಷ್ ಕೆಲಸಗಾರ, ಇನ್ನೊಬ್ಬ ಫ್ರೆಂಚ್ ಕೆಲಸಗಾರ. ಇಬ್ಬರೂ ನಿಂತಿರೋದು ಇಂಗ್ಲಿಷ್ ಕಾಲುವೆಯ ತಳಕ್ಕಿಂತಲೂ ಕೆಳಗೆ. ಅವತ್ತು ಎರಡು ದೇಶದ ಸುರಂಗ ಒಂದಾಯ್ತು.

ಎಂಜಿನಿಯರಿಂಗ್ ಓದ್ತಿರೋ ಗೆಳೆಯರು ಈ ಫೋಟೋ ಹಂಚಿಕೊಂಡು ‘ವಾವ್’ ಅಂತಾ ಇರ್ತೀರಿ. ಅನ್ನಬೇಕಾದದ್ದೇ. ಆದರೆ ಈ ಸರಣಿ ಫೋಟೋದಲ್ಲಿ ಕಾಣದವರ ಬಗ್ಗೆ. ಆ ಸುರಂಗಕ್ಕೆ ದುಡ್ಡು ಹಾಕಿದ ಲಕ್ಷಾಂತರ ಸಣ್ಣ ಜನ: ಮೇಷ್ಟ್ರುಗಳು, ಪಿಂಚಣಿದಾರರು, ಅಂಗಡಿಯವರು.

ಇದು ನನಗೆ ಯಾಕೆ ಈಗ ನೆನಪಾಯ್ತು ಅಂದ್ರೆ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡೋ ನಮ್ಮ ಚಿಕ್ಕಪ್ಪ ಕಳೆದ ತಿಂಗಳು ಫೋನ್ ಮಾಡಿದ್ರು. “ಲೇ, ನೀನು ಬಿಕಾಂ ಅಲ್ವೇನೋ? ನನ್ ಹತ್ರ ಇರೋ ಷೇರು ಅಷ್ಟಕ್ಕಷ್ಟೇ ಇದಾವೆ. ಒಂದೂ ಮಾರಿಲ್ಲ. ಆದ್ರೂ ನನ್ ಪಾಲು ಕಮ್ಮಿ ಆಗಿದೆ ಅಂತಾವ್ರೆ. ಅದ್ಹೆಂಗೋ?” ಕಂಪನಿಯ ಹೆಸರು ಬೇಡ. ಸಾಲದಲ್ಲಿ ಮುಳುಗ್ತಿತ್ತು, ಈಗ ಯಾರೋ ಎತ್ತಿ ನಿಲ್ಲಿಸ್ತಿದ್ದಾರೆ.

ಚಿಕ್ಕಪ್ಪನಿಗೆ ಫೋನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ. ಅದಕ್ಕೇ ಓದಿದೆ. ಓದಿದ್ದನ್ನ ನಿಮಗೂ ಹೇಳ್ತೀನಿ.

ಭಾಗ 2

ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಸುರಂಗ ತೋಡೋ ಕನಸು ನೆಪೋಲಿಯನ್ ಕಾಲದ್ದು. ಅದನ್ನ ಬಿಟ್ಟು ನೇರವಾಗಿ 1986ಕ್ಕೆ ಬನ್ನಿ. ಫೆಬ್ರವರಿ 12ರಂದು ಕ್ಯಾಂಟರ್ಬರಿಯಲ್ಲಿ ಎರಡು ದೇಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಆಗ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಅವರದ್ದು ಒಂದೇ ಹಟ: ಸರ್ಕಾರದ ಒಂದು ಪೈಸೆಯೂ ಇದಕ್ಕೆ ಬರಲ್ಲ, ಎಲ್ಲಾ ಖಾಸಗಿ ಹಣದಿಂದಲೇ ಆಗಬೇಕು.

ಈ ಒಂದು ಷರತ್ತನ್ನ ನೆನಪಿಟ್ಟುಕೊಳ್ಳಿ. ಮುಂದೆ ಆದ ಎಲ್ಲಾ ಅನಾಹುತದ ಬೇರು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಸೇತುವೆ, ಸುರಂಗ, ರೈಲು ದಾರಿ, ಇವೆಲ್ಲ ನೂರಾರು ವರ್ಷ ಬಾಳುವ ವಸ್ತುಗಳು. ಬ್ಯಾಂಕಿನ ಬಡ್ಡಿ ಮಾತ್ರ ವರ್ಷ ವರ್ಷ ಕಟ್ಟಬೇಕು.

ಕಂಪನಿ ಹುಟ್ಟುಹಾಕಿದ್ದು ಯಾರು ಗೊತ್ತಾ? ಐದು ಬ್ರಿಟಿಷ್ ಮತ್ತು ಐದು ಫ್ರೆಂಚ್ ನಿರ್ಮಾಣ ಕಂಪನಿಗಳು, ಜೊತೆಗೆ ಕೆಲವು ಬ್ಯಾಂಕುಗಳು. ಅಂದರೆ ಮನೆ ಕಟ್ಟೋ ಮೇಸ್ತ್ರಿಗಳೇ ಸೇರಿ ಮಾಲೀಕನನ್ನ ಹುಟ್ಟುಹಾಕಿ, ಆಮೇಲೆ ಆ ಮಾಲೀಕನ ಹತ್ತಿರ ತಾವೇ ಗುತ್ತಿಗೆ ತಗೊಂಡ ಹಾಗೆ. ಸುಮಾರು 200 ಬ್ಯಾಂಕುಗಳು ಸೇರಿ 500 ಕೋಟಿ ಪೌಂಡ್ ಸಾಲ ಕೊಡೋಕೆ ಒಪ್ಪಿದವು. ಉಳಿದದ್ದಕ್ಕೆ ಜನರ ಹತ್ತಿರ ಹೋಗಬೇಕಿತ್ತು.

ಹೋದ ಗಳಿಗೆ ನೋಡಿ. 1987ರ ಅಕ್ಟೋಬರ್ 19ಕ್ಕೆ ಜಗತ್ತಿನ ಷೇರುಪೇಟೆಗಳೆಲ್ಲ ದೊಪ್ಪನೆ ಕುಸಿದವು. ಅದಾದ ಮರು ತಿಂಗಳೇ, ನವೆಂಬರಿನಲ್ಲಿ, ಯೂರೋಟನಲ್ ಷೇರು ಮಾರಾಟಕ್ಕೆ ಬಂತು. ಒಂದು ಷೇರಿಗೆ 35 ಫ್ರಾಂಕ್, ಬ್ರಿಟನ್ನಿನಲ್ಲಿ ಮೂರೂವರೆ ಪೌಂಡ್. ಎತ್ತಿದ ಹಣ 77 ಕೋಟಿ ಪೌಂಡ್.

ಪೇಟೆ ಬಿದ್ದಿದ್ರೂ ಜನ ಕೊಂಡರು, ಅದರಲ್ಲೂ ಫ್ರಾನ್ಸಿನ ಸಾಮಾನ್ಯ ಜನ. ಒಂದು ಆಸೆಯನ್ನೂ ತೋರಿಸಿದ್ರು: 1,500 ಷೇರು ಕೊಂಡರೆ, ಸುರಂಗ ತೆರೆದ ಮೇಲೆ ನಾಮಮಾತ್ರ ದುಡ್ಡಿಗೆ ಎಷ್ಟು ಸಲ ಬೇಕಾದರೂ ಓಡಾಡಬಹುದು. 1,500 ಷೇರು ಅಂದ್ರೆ 52,500 ಫ್ರಾಂಕ್. ಈಗಿನ ಯೂರೋ ಲೆಕ್ಕದಲ್ಲಿ 8,000. ಸಂಬಳದವನಿಗೆ ಅದು ಸಣ್ಣ ಮೊತ್ತ ಅಲ್ಲ.

ಇನ್ನೊಂದು ಸಂಖ್ಯೆಯೂ ಜನರನ್ನ ಸೆಳೀತು. ಮೊದಲ ವರ್ಷವೇ ಪ್ರಯಾಣಿಕರ ರೈಲಿನಲ್ಲಿ 1 ಕೋಟಿ 59 ಲಕ್ಷ ಜನ ಓಡಾಡ್ತಾರೆ ಅನ್ನೋ ಅಂದಾಜು.

ಭಾಗ 3

ಇಲ್ಲಿಂದ ಬೇಗ ಬೇಗ ಹೋಗೋಣ, ಇದೆಲ್ಲ ಯಾವ ಡಾಕ್ಯುಮೆಂಟರಿಯಲ್ಲಿ ಬೇಕಾದ್ರೂ ಸಿಗುತ್ತೆ.

ಸುರಂಗದ ಉದ್ದ 50 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ಕೆಳಗೆ. ಖರ್ಚು 260 ಕೋಟಿ ಪೌಂಡ್ ಆಗುತ್ತೆ ಅಂದಿದ್ರು, ಆಗಿದ್ದು 465 ಕೋಟಿ (1985ರ ಬೆಲೆಯಲ್ಲೇ). ಮುಗಿಯಬೇಕಿದ್ದು 1993ಕ್ಕೆ, ಮುಗಿದಿದ್ದು 1994ಕ್ಕೆ. ನಡುವೆ ದುಡ್ಡು ಸಾಲದೆ 1990ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ ‘ಹೊಸ ಷೇರು ತಗೊಳ್ಳಿ’ ಅಂತ ಹಳೇ ಷೇರುದಾರರ ಮನೆ ಬಾಗಿಲಿಗೇ ಬಂದ್ರು.

ಒಂದು ವಿಷಯ ಮಾತ್ರ ಹೇಳಲೇಬೇಕು. 1989ರಲ್ಲಿ ಆ 35 ಫ್ರಾಂಕಿನ ಷೇರು 100 ಫ್ರಾಂಕ್ ದಾಟಿತ್ತು. ಆಗ ಮಾರಿದವರು ಬಚಾವ್. ಆದರೆ ಮಾರ್ತಾರಾ? ನೀವಾದ್ರೂ ಮಾರ್ತಿದ್ರಾ? ಸುರಂಗ ಇನ್ನೂ ತೆರೆದೇ ಇಲ್ಲ, ಆಗ್ಲೇ ಮೂರು ಪಟ್ಟು ಆಗಿದೆ, ತೆರೆದ ಮೇಲೆ ಎಷ್ಟಾಗಬಹುದು ಅಂತ ಲೆಕ್ಕ ಹಾಕ್ತಾ ಕೂತಿರ್ತೀವಿ ಅಷ್ಟೇ.

1994ರ ಮೇ 6ರಂದು ರಾಣಿ ಎರಡನೇ ಎಲಿಜಬೆತ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಸೇರಿ ಉದ್ಘಾಟನೆ ಮಾಡಿದ್ರು. ಯೂರೋಸ್ಟಾರ್ ರೈಲು ನವೆಂಬರಿನಲ್ಲಿ ಶುರುವಾಯ್ತು. (ಯೂರೋಸ್ಟಾರ್ ಬೇರೆ, ಯೂರೋಟನಲ್ ಬೇರೆ. ಯೂರೋಟನಲ್ ಸುರಂಗದ ಒಡೆಯ. ಕಾರು-ಲಾರಿ ಸಾಗಿಸೋ ತನ್ನದೇ ಶಟಲ್ ರೈಲು ಓಡಿಸುತ್ತೆ, ಹಾದುಹೋಗೋ ಬೇರೆ ರೈಲುಗಳಿಂದ ಬಾಡಿಗೆ ವಸೂಲಿ ಮಾಡುತ್ತೆ.)

ಮೊದಲ ಪೂರ್ತಿ ವರ್ಷವಾದ 1995ರಲ್ಲಿ ಯೂರೋಸ್ಟಾರ್ ಹತ್ತಿದವರು ಸುಮಾರು 29 ಲಕ್ಷ. ಅಂದಾಜು 1 ಕೋಟಿ 59 ಲಕ್ಷ ಇತ್ತಲ್ಲ? ಸುರಂಗದ ಮೂಲಕ ಓಡೋ ಯೂರೋಸ್ಟಾರ್ ರೈಲುಗಳು ಆ ಸಂಖ್ಯೆಯನ್ನ ಇವತ್ತಿಗೂ ಮುಟ್ಟಿಲ್ಲ. ಹಡಗಿನವರು ಸುಮ್ಮನೆ ಕೂರದೆ ದರ ಇಳಿಸಿದ್ರು. ಆಮೇಲೆ ಅಗ್ಗದ ವಿಮಾನಗಳು ಬಂದ್ವು.

ಬಡ್ಡಿ ಮಾತ್ರ ದಿನಕ್ಕೆ ಸುಮಾರು 20 ಲಕ್ಷ ಪೌಂಡ್. ದಿನಕ್ಕೆ! 1995ರ ಸೆಪ್ಟೆಂಬರಿನಲ್ಲಿ ಕಂಪನಿ ಕೈಚೆಲ್ಲಿ ಬಡ್ಡಿ ಕಟ್ಟೋದು ನಿಲ್ಲಿಸ್ತು.

ಭಾಗ 4

ಈಗ ಚಿಕ್ಕಪ್ಪನ ಪ್ರಶ್ನೆ. ಇದನ್ನ ಅರ್ಥ ಮಾಡಿಕೊಳ್ಳದೆ ಮುಂದಿನ ಭಾಗ ಓದಬೇಡಿ.

ನಾವು ನಾಲ್ಕು ಜನ ಕ್ಲಾಸ್‌ಮೇಟ್ಸ್ ಸೇರಿ ಕಾಲೇಜ್ ಗೇಟಿನ ಎದುರು ಚಹಾದಂಗಡಿ ಹಾಕಿದ್ವಿ ಅಂತಿಟ್ಕೊಳ್ಳಿ. ಒಟ್ಟು 100 ಷೇರು, ತಲಾ 25. ನಿಮ್ಮ ಪಾಲು ಕಾಲುಭಾಗ. ವ್ಯಾಪಾರ ಕೈಕೊಡ್ತು, ಫೈನಾನ್ಸ್‌ನವನಿಗೆ ಸಾಲ ತೀರಿಸೋಕೆ ಆಗ್ತಿಲ್ಲ. ಅವನು ಅಂಗಡಿಗೆ ಬೀಗ ಹಾಕಿಸಿ ಸ್ಟೌ, ಪಾತ್ರೆ ಮಾರಿದ್ರೆ ಅವನಿಗೆ ಬರೋದೂ ಚಿಲ್ಲರೆ, ನಮಗೆ ಸೊನ್ನೆ. ಅದಕ್ಕೇ ಅವನು ಹೇಳ್ತಾನೆ: “ಸಾಲದಲ್ಲಿ ಒಂದಷ್ಟು ಬಿಟ್ಟುಬಿಡ್ತೀನಿ. ಬದಲಿಗೆ ನನಗೆ 669 ಹೊಸ ಷೇರು ಬರೆದುಕೊಡಿ.”

ಈಗ ಒಟ್ಟು 769 ಷೇರು. ನಿಮ್ಮ ಕೈಲಿ ಅದೇ 25. ಒಂದನ್ನೂ ಯಾರೂ ಕಿತ್ಕೊಂಡಿಲ್ಲ. ಆದರೆ ಕಾಲುಭಾಗ ಇದ್ದದ್ದು ನೂರಕ್ಕೆ ಮೂರಾಯ್ತು. ನಾಲ್ಕೂ ಜನರದ್ದು ಸೇರಿಸಿದ್ರೆ ನೂರಕ್ಕೆ 13. ಲೋಟ ಅಷ್ಟೇ ಇದೆ, ಮಜ್ಜಿಗೆ ಮಾತ್ರ ನೀರುಮಜ್ಜಿಗೆ ಆಗಿದೆ. ಡೈಲ್ಯೂಷನ್ ಅಂದ್ರೆ ಇಷ್ಟೇ.

ಅನ್ಯಾಯ ಅನ್ಸುತ್ತಾ? ನನಗೂ ಮೊದಲು ಹಾಗೇ ಅನ್ನಿಸ್ತು. ಆದರೆ ಇನ್ನೊಂದು ಬದಿ ಇದೆ. ಸಾಲ ಕೊಟ್ಟವನಿಗೆ ಮೊದಲು, ಷೇರುದಾರನಿಗೆ ಕೊನೆಗೆ, ಇದು ಎಲ್ಲಾ ದೇಶದ ಕಂಪನಿ ಕಾನೂನಿನಲ್ಲೂ ಇರೋ ಸಾಲು. ಲಾಭ ಬಂದಾಗ ಮಿಕ್ಕಿದ್ದೆಲ್ಲ ಷೇರುದಾರನದ್ದು, ಅದಕ್ಕೇ ನಷ್ಟ ಬಂದಾಗ ಮೊದಲ ಪೆಟ್ಟೂ ಅವನದ್ದೇ. ಬೀಗ ಬಿದ್ದರೆ ಸೊನ್ನೆ ಸಿಗೋ ಜಾಗದಲ್ಲಿ ನೂರಕ್ಕೆ 13 ಸಿಕ್ಕರೆ ಅದು ದರೋಡೆಯೋ ದಾನವೋ? ಯಾರನ್ನ ಕೇಳ್ತೀರಿ ಅನ್ನೋದರ ಮೇಲೆ ಉತ್ತರ.

ಯೂರೋಟನಲ್‌ನ ಮೊದಲ ಸುತ್ತು ಇಷ್ಟು ಕಠಿಣ ಇರಲಿಲ್ಲ. 1997ರ ಜುಲೈನಲ್ಲಿ ಷೇರುದಾರರ ಸಭೆ ಒಪ್ಪಿತು: ಸಾಲದ ಒಂದು ಭಾಗ ಷೇರಾಗಿ ಬದಲಾಗುತ್ತೆ, ಬ್ಯಾಂಕುಗಳ ಕೈಗೆ ಹೆಚ್ಚುಕಡಿಮೆ ಅರ್ಧ ಕಂಪನಿ ಹೋಗುತ್ತೆ. ಸಮಾಧಾನಕ್ಕೆ ಎರಡೂ ಸರ್ಕಾರಗಳು ಸುರಂಗ ನಡೆಸೋ ಹಕ್ಕನ್ನ 2086ರವರೆಗೆ ವಿಸ್ತರಿಸಿದ್ವು. ಮೊಮ್ಮಕ್ಕಳ ಕಾಲಕ್ಕೆ ಲಾಭ ಬರಬಹುದು ಅನ್ನೋ ತರಹದ ಸಮಾಧಾನ.

ಭಾಗ 5

ಈಗ ಬರೋದು ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಸಣ್ಣ ಷೇರುದಾರ ಅಂದ್ರೆ ನಮ್ಮ ಕಣ್ಣಮುಂದೆ ಏನು ಬರುತ್ತೆ? ವಾರ್ಷಿಕ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಕಾಫಿ ಕುಡಿದು, ಗಿಫ್ಟ್ ಕೊಡ್ತಾರಾ ಅಂತ ಕೇಳಿ ಮನೆಗೆ ಹೋಗೋ ಅಜ್ಜ. ಲಕ್ಷಾಂತರ ಜನ ಇದ್ದರೂ ಯಾರಿಗೂ ಯಾರೂ ಗೊತ್ತಿಲ್ಲ, ಒಬ್ಬೊಬ್ಬನದ್ದೂ ಚಿಟಿಕೆಯಷ್ಟು. ದೊಡ್ಡವರು ಹೇಳಿದ್ದಕ್ಕೆ ತಲೆಯಾಡಿಸೋದು.

2004ರ ಏಪ್ರಿಲ್ 7ರಂದು ಯೂರೋಟನಲ್‌ನ ಅಜ್ಜಂದಿರು ತಲೆಯಾಡಿಸಲಿಲ್ಲ. ಷೇರು ಸಲಹೆಯ ಪತ್ರಿಕೆ ನಡೆಸ್ತಿದ್ದ ನಿಕೊಲಾ ಮಿಗೆ ಎಂಬಾತ ತಿಂಗಳುಗಟ್ಟಲೆ ಪ್ರಚಾರ ಮಾಡಿ, ಚದುರಿ ಹೋಗಿದ್ದ ಮತಗಳನ್ನ ಒಟ್ಟುಗೂಡಿಸಿದ್ದ. ಸಭೆಯಲ್ಲಿ ಬಹುಮತ ಬಂಡಾಯಗಾರರ ಕಡೆ ಬಿತ್ತು. ಇಡೀ ಆಡಳಿತ ಮಂಡಳಿ ಒಂದೇ ದಿನ ಮನೆಗೆ ಹೋಯ್ತು! ಹೊಸ ಅಧ್ಯಕ್ಷ ಝಾಕ್ ಮಯೋ, ಫ್ರಾನ್ಸಿನಲ್ಲಿ ಪ್ರವಾಸದ ಕಂಪನಿ ಕಟ್ಟಿ ಹೆಸರು ಮಾಡಿದವರು. ಫ್ರಾನ್ಸಿನ ಕಂಪನಿ ಚರಿತ್ರೆಯಲ್ಲಿ ಇಂಥದ್ದು ಅಪರೂಪದಲ್ಲಿ ಅಪರೂಪ.

ಇಲ್ಲಿಗೇ ಕಥೆ ನಿಲ್ಲಿಸಿದ್ರೆ ಒಳ್ಳೇ ಸಿನಿಮಾ ಆಗ್ತಿತ್ತು. ಕ್ಲೈಮ್ಯಾಕ್ಸ್, ಶಿಳ್ಳೆ, ಚಪ್ಪಾಳೆ.

ಮರುದಿನ ಬೆಳಗ್ಗೆ ಹೊಸಬರು ಕುರ್ಚಿ ಮೇಲೆ ಕೂತಾಗ ಮೇಜಿನ ಮೇಲೆ ಅದೇ ಸಾಲ ಇತ್ತು: 600 ಕೋಟಿ ಪೌಂಡಿಗೂ ಹೆಚ್ಚು. ಕಂಪನಿಯ ಮಾಲೀಕರು ಯಾರು, ಅಧ್ಯಕ್ಷರು ಯಾರು ಅನ್ನೋದನ್ನ ಮತ ಹಾಕಿ ಬದಲಾಯಿಸಬಹುದು. ಸಾಲದ ಮೊತ್ತವನ್ನ ಮತ ಹಾಕಿ ಬದಲಾಯಿಸೋಕೆ ಆಗಲ್ಲ. ಸರ್ಕಾರಗಳು ನೆರವಿಗೆ ಬರಲಿಲ್ಲ. ಹೊಸಬರಲ್ಲೇ ಜಗಳ ಶುರುವಾಗಿ, ಒಂದು ವರ್ಷ ತುಂಬೋದರೊಳಗೆ ಅಧ್ಯಕ್ಷರು ಬದಲಾದರು. 2005ರಲ್ಲಿ ಝಾಕ್ ಗೂನೋ ಬಂದ್ರು.

ಸಾಲ ಕೊಟ್ಟವರ ಕಡೆಯೂ ಈ ಹೊತ್ತಿಗೆ ಮುಖಗಳು ಬದಲಾಗಿದ್ವು. ಹಳೇ ಬ್ಯಾಂಕುಗಳಲ್ಲಿ ಅನೇಕವು ‘ಇದು ಬರೋ ಸಾಲ ಅಲ್ಲ’ ಅಂತ ಸಾಲಪತ್ರಗಳನ್ನ ಕಮ್ಮಿ ಬೆಲೆಗೆ ಮಾರಿ ಕೈತೊಳೆದುಕೊಂಡಿದ್ವು. ಕೊಂಡವರು ಇಂಥ ಮುಳುಗೋ ಹಡಗುಗಳ ವ್ಯಾಪಾರವನ್ನೇ ಮಾಡೋ ಫಂಡುಗಳು. ಸುರಂಗದ ಬಗ್ಗೆ ಅವರಿಗೆ ಯಾವ ಭಾವುಕತೆಯೂ ಇರಲಿಲ್ಲ.

ಭಾಗ 6

2006ರ ಜನವರಿಯಿಂದ ಫ್ರಾನ್ಸಿನಲ್ಲಿ ಹೊಸ ಕಾನೂನು ಜಾರಿಗೆ ಬಂತು, ‘ಸೋವ್‌ಗಾರ್ದ್’ ಅಂತ. ಅರ್ಥ ರಕ್ಷಣೆ. ಕಂಪನಿ ಪೂರ್ತಿ ದಿವಾಳಿ ಆಗೋ ಮುಂಚೆಯೇ ಕೋರ್ಟಿಗೆ ಹೋಗಿ, ‘ಸ್ವಲ್ಪ ಕಾಲ ಸಾಲ ಕೊಟ್ಟವರನ್ನ ತಡೀರಿ, ಮಾತಾಡಿ ದಾರಿ ಹುಡುಕ್ತೀವಿ’ ಅಂತ ಕೇಳಬಹುದು. ಆಗಸ್ಟ್ 2ರಂದು ಪ್ಯಾರಿಸ್ಸಿನ ವಾಣಿಜ್ಯ ನ್ಯಾಯಾಲಯ ಯೂರೋಟನಲ್‌ಗೆ ಆ ರಕ್ಷಣೆ ಕೊಟ್ಟಿತು.

2007ರ ಜನವರಿ 15ಕ್ಕೆ ಕೋರ್ಟ್ ಒಪ್ಪಿದ ಯೋಜನೆ ಹೀಗಿತ್ತು. ಸಾಲ 620 ಕೋಟಿ ಪೌಂಡಿನಿಂದ 284 ಕೋಟಿಗೆ ಇಳಿಯುತ್ತೆ. ಬಿಟ್ಟುಕೊಟ್ಟ ಸಾಲಕ್ಕೆ ಬದಲಾಗಿ, ಮುಂದೆ ಷೇರಾಗಿ ಮಾರ್ಪಡುವ ಪತ್ರಗಳು ಸಾಲ ಕೊಟ್ಟವರಿಗೆ ಸಿಗುತ್ತವೆ. ಅವೆಲ್ಲ ಷೇರಾದ ಮೇಲೆ ಅವರ ಪಾಲು 87%. ಹಳೇ ಷೇರುದಾರರಿಗೆ ಉಳಿಯೋದು ಕನಿಷ್ಠ 13%.

ಚಹಾದಂಗಡಿ ಲೆಕ್ಕದಲ್ಲಿ 669 ಅನ್ನೋ ವಿಚಿತ್ರ ಸಂಖ್ಯೆ ಯಾಕೆ ಹಾಕಿದೆ ಅಂತ ಈಗ ಗೊತ್ತಾಯ್ತಲ್ಲ?

ಆದರೆ ಒಂದು ತೊಡಕಿತ್ತು. ಈ ಯೋಜನೆ ನಡೆಯಬೇಕಾದರೆ ಹಳೇ ಷೇರುದಾರರು ತಾವಾಗಿಯೇ ಹಳೇ ಷೇರು ಒಪ್ಪಿಸಿ ಹೊಸ ಕಂಪನಿಯ ಷೇರು ಪಡೆದುಕೊಳ್ಳಬೇಕಿತ್ತು. ಒಂದಕ್ಕೊಂದು, ಜೊತೆಗೆ ಮುಂದೆ ಇನ್ನಷ್ಟು ಷೇರು ಪಡೆಯೋ ಹಕ್ಕಿನ ಒಂದು ವಾರಂಟ್. ಸಾಕಷ್ಟು ಜನ ಒಪ್ಪದಿದ್ದರೆ ಯೋಜನೆ ಬಿದ್ದುಹೋಗುತ್ತೆ, ಕಂಪನಿ ದಿವಾಳಿ.

ಅಂದರೆ ಇಷ್ಟು ವರ್ಷ ಯಾರೂ ಕೇಳದ ಅಜ್ಜಂದಿರನ್ನ ಈಗ ಎಲ್ಲರೂ ಕೇಳಲೇಬೇಕಾಯ್ತು.

ಆ ಮನೆಗಳಲ್ಲಿ ನಡೆದ ಮಾತನ್ನ ಊಹಿಸಿ ನೋಡಿ. 35 ಫ್ರಾಂಕ್ ಕೊಟ್ಟು ಕೊಂಡಿದ್ದು, 1990ರಲ್ಲಿ ಮತ್ತೆ ಹಾಕಿದ್ದು, 1994ರಲ್ಲಿ ಮತ್ತೆ ಹಾಕಿದ್ದು. ಈಗ ಬಂದಿರೋ ಕಾಗದ ಹೇಳ್ತಿದೆ: ಇದಕ್ಕೆ ಸಹಿ ಹಾಕಿದ್ರೆ ನಿಮ್ಮೆಲ್ಲರ ಪಾಲು 13%, ಹಾಕದಿದ್ರೆ ಬಹುಶಃ ಏನೂ ಇಲ್ಲ. ಇದು ಆಯ್ಕೆಯಾ? ಅವಮಾನ ಅನ್ನಿಸಿರುತ್ತೆ. ಜನ ತಡ ಮಾಡಿದ್ರು, ಗಡುವು ಮುಂದಕ್ಕೆ ಹಾಕಬೇಕಾಯ್ತು. ಕೊನೆಗೆ ಮೇ ತಿಂಗಳಲ್ಲಿ ಲೆಕ್ಕ ಸಿಕ್ಕಿತು: 93% ಷೇರುಗಳು ಒಪ್ಪಿಸಲ್ಪಟ್ಟಿದ್ದವು.

ಯಾಕೆ 13%? ಯಾಕೆ 2% ಅಲ್ಲ, ಯಾಕೆ ಸೊನ್ನೆ ಅಲ್ಲ? ನನಗೆ ತೋಚಿದ್ದು ಹೇಳ್ತೀನಿ. ಸಾಲಿನಲ್ಲಿ ಕೊನೆಯಲ್ಲಿ ನಿಂತವರಿಗೆ ಅಷ್ಟಾದರೂ ಸಿಕ್ಕಿದ್ದು ಯಾರದ್ದೋ ಕರುಣೆಯಿಂದ ಅಲ್ಲ. ಅವರು ‘ಊಹೂಂ’ ಅಂದರೆ ಎಲ್ಲಾ ನಿಂತುಹೋಗ್ತಿತ್ತು. ಇವರು ಊಹೂಂ ಅನ್ನಬಲ್ಲವರು ಅಂತ 2004ರಲ್ಲೇ ಎಲ್ಲರೂ ನೋಡಿದ್ದರು. ಬಂಡಾಯದಿಂದ ಸಾಲ ಒಂದು ಪೌಂಡೂ ಕರಗಲಿಲ್ಲ ನಿಜ, ಆದರೆ ಮೂರು ವರ್ಷ ಆದಮೇಲೆ ಅದರ ಬೆಲೆ ಬೇರೆ ರೂಪದಲ್ಲಿ ಬಂತು ಅಂತ ನಾನು ಓದ್ತೀನಿ. ನಿಮಗೆ ಬೇರೆ ಥರ ಕಂಡರೆ ಕಾಮೆಂಟಿನಲ್ಲಿ ಬರೀರಿ, ಜಗಳ ಆಡೋಣ.

ಭಾಗ 7

ಲೆಕ್ಕ ಮುಗಿಸಿಬಿಡೋಣ.

2007ರ ಜುಲೈನಲ್ಲಿ ಹೊಸ ಕಂಪನಿಯ ಷೇರು ಪೇಟೆಗೆ ಬಂತು. ನವೆಂಬರಿನಲ್ಲಿ 40 ಷೇರು ಸೇರಿಸಿ ಒಂದು ಮಾಡಿದ್ರು. ಇದು ಡೈಲ್ಯೂಷನ್ ಅಲ್ಲ, ಹತ್ತರ ನಾಲ್ಕು ನೋಟು ಕೊಟ್ಟು ನಲವತ್ತರ ಒಂದು ನೋಟು ತಗೊಂಡ ಹಾಗೆ, ಪಾಲು ಬದಲಾಗಲ್ಲ. ಆದರೆ ನೋಡೋಕೆ ಎದೆ ಒಡೆಯುತ್ತೆ. 1987ರಲ್ಲಿ 1,500 ಷೇರು ಕೊಂಡವನ ಹತ್ತಿರ ಈಗ 37 ಷೇರು, ಮೇಲೊಂದು ಚೂರು.

ಆ ಒಂದು ಹೊಸ ಷೇರಿನ ಹಿಂದೆ 40 ಹಳೇ ಷೇರು, ಅಂದ್ರೆ 1,400 ಫ್ರಾಂಕ್, ಸುಮಾರು 213 ಯೂರೋ. ಕಂಪನಿಯ ಈಗಿನ ಹೆಸರು ಗೆಟ್‌ಲಿಂಕ್. ಅದರ ಷೇರು 213ರ ಹತ್ತಿರ ಯಾವತ್ತೂ ಸುಳಿದಿಲ್ಲ.

ತಮಾಷೆ ಏನಪ್ಪಾ ಅಂದ್ರೆ ಸುರಂಗಕ್ಕೆ ಏನೂ ಆಗಿಲ್ಲ. ಸಾಲದ ಭಾರ ಇಳಿದದ್ದೇ ಕಂಪನಿ ಎದ್ದು ನಿಂತಿತು. 2007ರಲ್ಲಿ ಚೂರು ಲಾಭ. 2009ರಲ್ಲಿ ಮೊದಲ ಡಿವಿಡೆಂಡ್, ಷೇರಿಗೆ 4 ಸೆಂಟ್. ಷೇರು ಮಾರಿದ 22ನೇ ವರ್ಷಕ್ಕೆ! 37 ಷೇರಿನ ಅಜ್ಜನಿಗೆ ಒಂದೂವರೆ ಯೂರೋ ಬಂದಿರಬೇಕು. ಪ್ಯಾರಿಸ್ಸಿನಲ್ಲಿ ಒಂದು ಕಾಫಿಗೆ ಸಾಕು ಅಥವಾ ಸಾಲದು.

ನಮ್ಮಲ್ಲಿ ಇಂಥದ್ದು ಆದಾಗ ಹೇಗಿತ್ತು ಅಂತಲೂ ನೋಡಿ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಕುಸಿದಾಗ ಸ್ಟೇಟ್ ಬ್ಯಾಂಕ್ ಮತ್ತು ಇತರ ಬ್ಯಾಂಕುಗಳು ಷೇರಿಗೆ 10 ರೂಪಾಯಿಯಂತೆ 10,000 ಕೋಟಿ ಹಾಕಿದವು. ಅಲ್ಲಿವರೆಗೆ ಇದ್ದ ಷೇರು ಸುಮಾರು 255 ಕೋಟಿ, ಹೊಸದು 1,000 ಕೋಟಿ. ಹಳಬರೆಲ್ಲ ಸೇರಿ ಐದನೇ ಒಂದು ಪಾಲಿಗೆ ಬಂದ್ರು. ಮೇಲಾಗಿ, 100ಕ್ಕಿಂತ ಹೆಚ್ಚು ಷೇರು ಇದ್ದವರ ಷೇರುಗಳಲ್ಲಿ ಮುಕ್ಕಾಲು ಭಾಗ ಮೂರು ವರ್ಷ ಮಾರೋ ಹಾಗಿಲ್ಲ ಅಂತ ಬೀಗ. ಅದೇ ವರ್ಷ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನ ಡಿಬಿಎಸ್‌ಗೆ ಸೇರಿಸಿದ್ರು. ಅಲ್ಲಿ ಷೇರುದಾರರ ಪಾಲು ತೆಳುವಾಗಲಿಲ್ಲ, ಪೂರ್ತಿ ಅಳಿಸಿಹೋಯ್ತು. ಠೇವಣಿ ಇಟ್ಟವರ ದುಡ್ಡು ಉಳೀತು, ಅದು ದೊಡ್ಡದು, ಅದನ್ನ ಕಡೆಗಣಿಸಬಾರದು. ಬ್ಯಾಂಕು ಮುಳುಗುವಾಗ ಒಬ್ಬೊಬ್ಬ ಷೇರುದಾರನ ಒಪ್ಪಿಗೆ ಕೇಳ್ತಾ ಕೂರೋಕೆ ಸಮಯವೂ ಇರಲ್ಲ. ಆದರೆ ಎರಡೂ ಕಡೆ ಸಣ್ಣ ಷೇರುದಾರನ ಮನೆಗೆ ‘ಒಪ್ಪಿಗೆಯಾ?’ ಅನ್ನೋ ಕಾಗದ ಬರಲೇ ಇಲ್ಲ. ಬಂದಿದ್ದು ಸುದ್ದಿ ಮಾತ್ರ.

ಭಾಗ 8

ಇಷ್ಟೆಲ್ಲ ಓದಿಕೊಂಡು ಹೋದ ಭಾನುವಾರ ತಿಪಟೂರಿಗೆ ಹೋದೆ. ಚಿಕ್ಕಪ್ಪನಿಗೆ ಚಹಾದಂಗಡಿ ಲೆಕ್ಕ ಹೇಳಿದೆ. ಅವರು ಅದನ್ನ ತಕ್ಷಣ ಕೊಬ್ಬರಿಗೆ ತಿರುಗಿಸಿಕೊಂಡ್ರು. “ಓ, ಪಾಲುಗಾರಿಕೆ ಮಂಡಿಗೆ ಸಾಲ ಕೊಟ್ಟೋನನ್ನೇ ಪಾಲುದಾರ ಮಾಡ್ಕೊಂಡಂಗೆ.” ನನಗಿಂತ ಚೆನ್ನಾಗಿ ಅರ್ಥ ಆಗಿತ್ತು. ಸುರಂಗದ ಅಜ್ಜಂದಿರ ಬಂಡಾಯ ಕೇಳಿ ನಕ್ಕರು, 13% ಕೇಳಿ ಸುಮ್ಮನಾದ್ರು.

ಆಮೇಲೆ ಕೇಳಿದ್ರು: “ಅವರನ್ನಾದ್ರೂ ಕೇಳಿದ್ರಲ್ಲೋ. ನಮ್ಮನ್ ಯಾರ್ ಕೇಳಿದ್ರು?”

ಅವರ ಕಂಪನಿ ಬ್ಯಾಂಕ್ ಅಲ್ಲ. ಅಂದಮೇಲೆ ಹೊಸ ಷೇರು ಕೊಡೋಕೆ ಷೇರುದಾರರ ಮತ ಕೇಳಿರಲೇಬೇಕಲ್ಲ ಅನ್ನಿಸಿ ಅವರ ಫೋನ್ ಇಸ್ಕೊಂಡೆ. ಚಿಕ್ಕಪ್ಪ ಇಮೇಲ್ ತೆರೆಯೋದು ಜಿಎಸ್‌ಟಿಗೆ ಮಾತ್ರ. ಓದದೆ ಬಿದ್ದಿದ್ದ ಮೇಲ್‌ಗಳು ಸಾವಿರಕ್ಕೂ ಹೆಚ್ಚು. ಹುಡುಕಿದೆ. ಲೋನ್ ಕೊಡ್ತೀವಿ ಅನ್ನೋದು, ಲಾಟರಿ ಹೊಡೆದಿದೆ ಅನ್ನೋದು, ಇವುಗಳ ಮಧ್ಯೆ ಅದೂ ಇತ್ತು. ಇ-ವೋಟಿಂಗ್ ಸೂಚನೆ, ನಲವತ್ತು ಪುಟದ ಪಿಡಿಎಫ್, ಪೂರ್ತಿ ಇಂಗ್ಲಿಷ್. ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ, ಎರಡು ಗುಂಡಿ.

ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಫೋನ್ ಹತ್ತಿರ ಹಿಡಿದು ನೋಡಿದ್ರು. ಮತ ಹಾಕೋ ಗಡುವು ಮುಗಿದು ಹದಿನೆಂಟು ದಿನ ಆಗಿತ್ತು.